ಅಮ್ಮ ಬಲಗೈಯಲ್ಲಿ ಮುರಿದ ತುತ್ತು

ಅಪ್ಪಾ,

ಅಮ್ಮ ಇವತ್ತು ಮಧ್ಯಾಹ್ನ ಬಲಗೈಯಲ್ಲೇ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ತಿಂದಳು. ಮೂರು ತುತ್ತು. ಫೋನಿನಲ್ಲಿ ಸುದ್ದಿ ಹೇಳಿದವಳು ಅವಳಿಗೆ ವ್ಯಾಯಾಮ ಮಾಡಿಸಲು ನಮ್ಮ ದ್ವಾರಕಾದ ಮನೆಗೆ ಬರುವ ಫಿಸಿಯೋಥೆರಪಿಸ್ಟ್ ನೇಹಾ. ನಾನು ಫರೀದಾಬಾದಿನ ಕಾರ್ಖಾನೆಯಲ್ಲಿದ್ದೆ. ನಿಮಗೆ ಗೊತ್ತಿಲ್ಲ ಅಲ್ಲವೇ, ನೀವು ಹೋದ ಮರುವರ್ಷವೇ ಅಮ್ಮನಿಗೂ ಪಾರ್ಶ್ವವಾಯು ಹೊಡೆಯಿತು. ನಿಮ್ಮ ಹಾಗೆಯೇ, ಬಲಗಡೆ.

ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಮೊದಲ ಊಟ ನೆನಪಾಗುತ್ತದೆ. ಎಡಗೈಯಲ್ಲಿ ಉಣ್ಣಲು ನೀವು ಒಪ್ಪಲಿಲ್ಲ. ಬಲಗೈ ಬೆರಳುಗಳನ್ನು ಎಳೆದೆಳೆದು ಮುದ್ದೆಯವರೆಗೆ ತಂದಿರಿ. ಅರ್ಧ ಗಂಟೆಯಾದರೂ ಒಂದು ತುತ್ತು ಬಾಯಿಗೆ ಹೋಗಲಿಲ್ಲ. ಸಾರೆಲ್ಲ ಬನಿಯನ್ನಿನ ಮೇಲೆ. ನನಗೆ ನೋಡಲಾಗಲಿಲ್ಲ, ತಟ್ಟೆ ಎತ್ತಿಕೊಂಡೆ.

"ಇರು ಕಣೋ, ಬರುತ್ತೆ," ಎಂದಿರಿ.

"ಬಾಯಿ ತೆಗೀರಿ ಅಪ್ಪ, ನಂಗೆ ಮೆಟ್ರೋ ತಪ್ಪುತ್ತೆ."

ಮರುದಿನದಿಂದ ಮುದ್ದೆ ಹೋಗಿ ಚಮಚ ಬಂತು. ತಿಂಗಳೊಳಗೆ ನೀವು ಆ ಕೈಯನ್ನು ಮಡಿಲಲ್ಲಿಟ್ಟು ಮರೆತಿರಿ. ನಾನು ಅದನ್ನು ಸೇವೆ ಎಂದುಕೊಂಡಿದ್ದೆ.

ಅಮ್ಮನಿಗೆ ತಿನ್ನಿಸಲು ಕೂತ ದಿನ ನೇಹಾ ತಟ್ಟೆ ಕಿತ್ತುಕೊಂಡಳು. "ಭಯ್ಯಾ, ಆಪ್ ಮತ್ ಖಿಲಾಯಿಯೇ," ನೀವು ತಿನ್ನಿಸಬೇಡಿ ಎಂದಳು. ಕೈ ತಪ್ಪಿದಾಗಲೆಲ್ಲ ಮಿದುಳು ಆ ತಪ್ಪನ್ನು ಗಮನಿಸಿ, ಮುಂದಿನ ಸಲ ಸ್ವಲ್ಪ ತಿದ್ದಿಕೊಳ್ಳುತ್ತದಂತೆ. ಹಾಗೆ ನೂರಾರು ಸಲ. ಕೈಗೆ ಕೆಲಸವೇ ಇಲ್ಲದಿದ್ದರೆ ತಿದ್ದಿಕೊಳ್ಳಲು ಮಿದುಳಿಗೆ ಏನು ಉಳಿಯುತ್ತದೆ? ಸೈನ್ಯದ ಪರೇಡ್ ಮೈದಾನದಲ್ಲಿ ಎಷ್ಟೋ ರಂಗರೂಟುಗಳಿಗೆ, ಹೊಸ ಸಿಪಾಯಿಗಳಿಗೆ, ಹೆಜ್ಜೆ ಕಲಿಸಿದ ನಿಮಗೆ ಇದು ಗೊತ್ತಿತ್ತೇ? ಅದಕ್ಕೇ "ಇರು" ಎಂದಿರಾ?

"ಹಾಗಾದರೆ ಅಪ್ಪನ ಕೈ..." ಎಂದು ಕೇಳಿದೆ. ಖಂಡಿತ ಬರುತ್ತಿತ್ತು ಎಂದು ನೇಹಾ ಹೇಳಲಿಲ್ಲ. ಬರುತ್ತಿರಲಿಲ್ಲ ಎಂದೂ ಹೇಳಲಿಲ್ಲ.

ಅಮ್ಮ ಬೈಯುತ್ತಲೇ ಕಲಿಯುತ್ತಿದ್ದಾಳೆ. "ನಿಮ್ಮಪ್ಪ ರಂಗರೂಟುಗಳನ್ನ ಓಡಿಸ್ದಂಗೆ ಓಡಿಸ್ತಾಳಲ್ಲೋ ಇವ್ಳು!" ನೇಹಾಳಿಗೆ ಕನ್ನಡ ಬಾರದು. "ಅಚ್ಛಾ ಆಂಟಿ, ಏಕ್ ಬಾರ್ ಔರ್," ಇನ್ನೊಂದು ಸಲ ಎಂದು ಮತ್ತೆ ಶುರು ಮಾಡಿಸುತ್ತಾಳೆ. ಸಾರು ಚೆಲ್ಲಿದರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಅವತ್ತು ಇಷ್ಟನ್ನೇ ಮಾಡಿದ್ದರೆ, ಅಪ್ಪಾ...

ಗುರುವಾರ ಹನ್ನೊಂದು ಗಂಟೆಗೆ ಮೆಟ್ಟಿಲು. ಅಮ್ಮ ಬಲಗೈಯಲ್ಲಿ ಕಂಬಿ ಹಿಡಿದು ನಾಲ್ಕು ಮೆಟ್ಟಿಲು ಇಳಿಯಬೇಕು. ನೇಹಾ ಪಕ್ಕದಲ್ಲಿರುತ್ತಾಳೆ. ನಾನು ರಜೆ ಹಾಕಿದ್ದೇನೆ. ಕೆಳಗೆ ನಿಂತಿರುತ್ತೇನೆ, ಮುಟ್ಟುವುದಿಲ್ಲ.