ಬಸ್ಸಿಳಿಯುವಾಗಲೇ ಉಟ್ಟು ಬಾ

ಬನ್ಯುಮಾಸ್, ಜಾವಾ
14 ಜುಲೈ 1974

ಪ್ರೀತಿಯ ತಮ್ಮ ಸರ್ಕಿಮ್,

ಮೊಣಕಾಲು ನೋವು ಹೇಗಿದೆ? ಸುರಬಾಯದ ಮಕ್ಕಳಿಗೆ ಕುಣಿತ ಕಲಿಸುವ ಭರದಲ್ಲಿ ಊಟ ಬಿಡಬೇಡ. ನಾನು ಚೆನ್ನಾಗಿದ್ದೇನೆ. ಮೇಣದ ಹೊಗೆಗೆ ಕಣ್ಣು ಉರಿಯುತ್ತದೆ, ಬಾಟಿಕ್ ಬರೆಯುವವಳಿಗೆ ಅದೇನು ಹೊಸದಲ್ಲ.

ನಮ್ಮ ಜಗಲಿಯಲ್ಲಿ ಕುಣಿತದ ಪಾಠ ಹೇಳಿಕೊಡುತ್ತಿದ್ದ ನಿನ್ನ ಶಿಷ್ಯ ತುರ್ಸಿನೊ ಈಗ ಬರುತ್ತಿಲ್ಲ. ಸೊಂಟದವರೆಗೆ ಬೆಳೆಸಿದ್ದ ಕೂದಲನ್ನೂ ಕತ್ತರಿಸಿಕೊಂಡ, ಸೆಖೆಯಂತೆ. ಸೋದರಮಾವನ ಮನೆಗೆ ಹೋಗಿದ್ದಾನೆಂದು ಊರ ಕಾವಲುಪಡೆಯ ಮುಖ್ಯಸ್ಥ ರೊಹಾದಿಯವರೇ ತಿಳಿಸಿದರು.

ಅವರಿಗೀಗ ನಿನ್ನಂತೆ ಹೆಣ್ಣುಡುಗೆಯಲ್ಲಿ ಕುಣಿಯುವ ಗಂಡಸರ ಮೇಲೆ ಮೊದಲಿನ ಸಿಟ್ಟಿಲ್ಲವಂತೆ. ಸುಗ್ಗಿಯ ಊಟದ ದಿನ ನಿನ್ನನ್ನು ಕರೆಸಿ ಸನ್ಮಾನ ಮಾಡುತ್ತಾರಂತೆ. ಅದಕ್ಕೆಂದು ಕಂದು-ಕಪ್ಪು ಬಣ್ಣದ ಬಾಟಿಕ್ ನನ್ನಿಂದಲೇ ಮಾಡಿಸಿದ್ದಾರೆ. ಗಂಡಸರ ಅಗಲ ನಿರಿಗೆ ಬೇಡ, ಹೆಂಗಸರ ಸಣ್ಣ ನಿರಿಗೆಯನ್ನೇ ಹಿಡಿದಿಡು ಎಂದರು. ನಿನ್ನ ಬೆರಳಿಗೆ ಕೂರುವ ನಿರಿಗೆ ನನಗೆಲ್ಲಿ ಬರುತ್ತದೆ? "ಹೆಣ್ಣಾಗಿ ಹುಟ್ಟಬೇಕಿದ್ದದ್ದು ಇವನು ಕಣೇ, ನೀನಲ್ಲ" ಎಂದು ಅಮ್ಮ ನನ್ನನ್ನು ರೇಗಿಸುತ್ತಿದ್ದಳಲ್ಲ. "ಗುರುಗಳು ಬಸ್ಸಿಂದ ಇಳಿಯುವಾಗ್ಲೇ ಅದನ್ನ ಉಟ್ಟಿರಲಿ ಅಕ್ಕಾ, ನಾವೆಲ್ಲ ಅಲ್ಲೇ ಕಾಯ್ತಿರ್ತೀವಿ" ಎಂದಿದ್ದಾರೆ ರೊಹಾದಿ. ಬಟ್ಟೆಯನ್ನು ಕಾಗದದ ಜೊತೆಗೇ ಕಳಿಸಿದ್ದೇನೆ. ಯಾವ ಬಸ್ಸು ಎಂದು ಮರೆಯದೆ ತಿಳಿಸು. ಒಬ್ಬನೇ ಬಾ, ಶಿಷ್ಯರು ಜೊತೆಗೆ ಬಂದರೆ ಮಲಗಲು ಜಾಗ ಸಾಲದು.

ಅಪ್ಪ ಅಮ್ಮನ ಗೋರಿಗೆ ಹೂ ಹಾಕಿ, ನಿನ್ನ ಹೆಸರು ಹೇಳಿ ಬಂದಿದ್ದೇನೆ. ಅವರ ಆಶೀರ್ವಾದ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ರಸಿಕೆಮ್

ತಾ. ಕ.: ಲಕೋಟೆ ಅಂಟಿಸಲು ಅನ್ನದಗುಳು ತರುತ್ತೇನೆಂದು ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ರೊಹಾದಿ ಜಗಲಿಯಲ್ಲಿ ಕರಿದ ತೆಂಪೆ ತಿನ್ನುತ್ತ ಕೂತಿದ್ದಾನೆ. ನಿನ್ನನ್ನು ಕರೆದ ಮಾತೆಲ್ಲ ಅವನು ಬರೆಸಿದ್ದು. ತುರ್ಸಿನೊನ ಕೂದಲು ಕತ್ತರಿಸಿದವರು ಇವನ ಪಡೆಯವರೇ, ಸಂತೆಯ ನಡುವೆ, ಉಟ್ಟಿದ್ದನ್ನು ಎಳೆದುಹಾಕಿ. ಆಮೇಲೆ ಜೀಪು ಹತ್ತಿಸಿದರು. ಅವನಿಗೆ ಸೋದರಮಾವನೇ ಇಲ್ಲ. ಅವನ ತಾಯಿ ಎಲ್ಲಿ ಹೋಗಿ ಕೇಳಿದರೂ ಗೊತ್ತಿಲ್ಲ ಎನ್ನುತ್ತಾರೆ. ಬಟ್ಟೆ ಮಾತ್ರ ನಿನ್ನನ್ನು ನೆನೆದುಕೊಂಡೇ ಬರೆದದ್ದು, ಅಲ್ಲೇ ಉಡು. ಊರಿಗೆ ಬರಬೇಡ. ಇನ್ನು ಮುಂದೆ ನನ್ನ ಕೈಬರಹದಲ್ಲಿ ಬಾ ಎಂದು ಎಷ್ಟು ಕಾಗದ ಬಂದರೂ, ನಾನು ಸಾಯುತ್ತಿದ್ದೇನೆಂದು ಬಂದರೂ, ಬರಬೇಡ.