ಮುಯ್ಯಿ ಅಶಿಸ್ತಲ್ಲ, ಸ್ವಾಮಿ

ನಂಜನಗೂಡು ಕೈಗಾರಿಕಾ ಪ್ರದೇಶದ ನಮ್ಮ ಮಸಾಲೆಪುಡಿ ಕಾರ್ಖಾನೆಯ ಜನರಲ್ ಮ್ಯಾನೇಜರ್ ಅವರಿಗೆ,

ಮಾನ್ಯರೇ,

ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ರುದ್ರಮ್ಮನವರನ್ನು ತಾವು ಖಾಲಿ ಗೋಣಿಚೀಲದ ಗೋದಾಮಿಗೆ ತಳ್ಳಿದ್ದೀರಿ. ಸೋಮವಾರದೊಳಗೆ ಕ್ಷಮಾಪಣೆ ಬರೆದುಕೊಡದಿದ್ದರೆ ಕೆಲಸದಿಂದಲೇ ತೆಗೆಯುವುದಾಗಿ ಹೇಳಿದ್ದೀರಿ. ಅವರು ಬರೆದುಕೊಡುವುದಿಲ್ಲ. ಅವರ ಪರವಾಗಿ ಅದೇ ವಿಭಾಗದ ನಾನು ಬರೆಯುತ್ತಿದ್ದೇನೆ, ಆದರೆ ಕ್ಷಮಾಪಣೆಯನ್ನಲ್ಲ. ಕಚೇರಿಗೆ ಕೊಟ್ಟ ಅರ್ಜಿಗಳು ಯಾವ ಬುಟ್ಟಿ ಸೇರುತ್ತವೆಂದು ಗುಡಿಸುವವರೇ ಹೇಳಿರುವುದರಿಂದ, ನಾಲ್ಕು ಜನ ಓದಲೆಂದು ಪತ್ರಿಕೆಗೇ ಕಳಿಸಿದ್ದೇನೆ.

ಮೊದಲು ತಮಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ, ಅಂದರೆ ನಾಯಕತ್ವಕ್ಕೆ. ಈ ವರ್ಷದ ಆರಂಭದಲ್ಲಿ, 2004ರ ಸಂಕ್ರಾಂತಿ ಕಳೆದ ಮೇಲೆ, ಬೆಂಗಳೂರಿನಿಂದ ತರಬೇತುದಾರರೊಬ್ಬರನ್ನು ಕರೆಸಿ ನಮಗೆಲ್ಲ ನಾಯಕತ್ವದ ಪಾಠ ಮಾಡಿಸಿದಿರಿ. ಮೆಣಸಿನಪುಡಿಗೆ ಸೀನುತ್ತ ನಿಂತಿದ್ದವರನ್ನು ಬಣ್ಣದ ಶಾಮಿಯಾನದ ಕೆಳಗೆ ಕೂರಿಸಿ, ನಾವೆಲ್ಲ ಒಂದೇ ಕುಟುಂಬ ಎಂದಿರಿ. ಕೊನೆಗೊಂದು ಆಟ. ಕಣ್ಣು ಮುಚ್ಚಿಕೊಂಡು ಹಿಂದಕ್ಕೆ ಬೀಳಬೇಕು, ಹಿಂದೆ ನಿಂತವರು ಹಿಡಿಯಬೇಕು. ನಂಬಿಕೆಯ ಪಾಠವಂತೆ. ಮೊದಲು ಸಾಹೇಬರೇ ಬೀಳಲಿ ಎಂದರು ತರಬೇತುದಾರರು. ಗಂಡಸರೆಲ್ಲ ನೆಲ ನೋಡಿದರು. ಸಾಹೇಬರ ಮೈ ಮುಟ್ಟುವುದು ಹೇಗೆ, ಕೈಜಾರಿದರೆ ನಾಳೆ ಕೆಲಸ ಇರುತ್ತದೆಯೇ ಎಂಬ ಭಯ. ಆಗ ರುದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು. ಕಳಲೆಯ ಪುಟ್ಟಲಕ್ಷ್ಮಿಯನ್ನೂ ತಾಂಡವಪುರದ ಸಾಕಮ್ಮನನ್ನೂ ಪಕ್ಕಕ್ಕೆ ಎಳೆದುಕೊಂಡರು.

"ಬೀಳಿ ಸಾ, ನಾವ್ ಇಡ್ಕತೀವಿ" ಎಂದರು.

ತಾವು ಬಿದ್ದಿರಿ. ಅವರು ಹಿಡಿದರು. ಆ ಫೋಟೋಗೆ ಕಟ್ಟು ಹಾಕಿಸಿ ಬಂದವರಿಗೆಲ್ಲ ಕಾಣುವಂತೆ ರಿಸೆಪ್ಷನ್ನಿನಲ್ಲಿ ತೂಗುಹಾಕಿದ್ದೀರಿ. ಕೆಳಗೆ 'ನಂಬಿಕೆಯೇ ನಾಯಕತ್ವ' ಎಂದು ಬರೆಸಿದ್ದೀರಿ. ಅದರಲ್ಲಿ ತಮ್ಮ ಮುಖ ಚೆನ್ನಾಗಿ ಬಂದಿದೆ. ಹಿಡಿದವರದು ಕೈ ಮಾತ್ರ ಬಂದಿದೆ.

ಆ ಕೈಗಳ ಸಂಗತಿಯೇ ಈಗ ಹೇಳುತ್ತಿರುವುದು. ಪುಟ್ಟಲಕ್ಷ್ಮಿಯ ತಾಯಿ ತಿ. ನರಸೀಪುರದಲ್ಲಿ ತೀರಿಕೊಂಡರು. ಮಣ್ಣು ಮಾಡಿ ಬಂದವಳು ಮೂರನೆಯ ದಿನದ ಹಾಲುತುಪ್ಪಕ್ಕೆ ರಜೆ ಕೇಳಿದಳು. ಸತ್ತ ದಿನಕ್ಕೆ ಕೊಟ್ಟಾಗಿದೆಯಲ್ಲ, ಮತ್ತೆ ಏನು ಎಂದಿತು ತಮ್ಮ ಕಚೇರಿ. ಹೆತ್ತ ತಾಯಿಯನ್ನು ಹೂತ ಗುದ್ದಕ್ಕೆ ಹಾಲು ಬಿಡುವುದು ತಮ್ಮ ಲೆಕ್ಕದಲ್ಲಿ ಪಿಕ್ನಿಕ್ ಇರಬಹುದು. ಎರಡನೆಯ ಶಿಫ್ಟಿನ ಸಾಕಮ್ಮ ಅವಳ ಬದಲು ಬೆಳಿಗ್ಗೆ ಬಂದು ನಿಂತಳು. ಹಿಂತಿರುಗಿದ ಮೇಲೆ ಸಾಕಮ್ಮನ ಶಿಫ್ಟನ್ನು ಪುಟ್ಟಲಕ್ಷ್ಮಿ ಮಾಡುವುದೆಂದು ಮಾತಾಗಿತ್ತು. ನಮ್ಮ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಇಂದು ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ ನಾಳೆ ನನ್ನ ಗದ್ದೆಗೆ ನೀವು. ಗದ್ದೆ ಇಲ್ಲದವರೂ ಇದನ್ನು ಮರೆತಿಲ್ಲ. ಪ್ಯಾಕಿಂಗ್ ವಿಭಾಗ ಶುರುವಾದಾಗಿನಿಂದ ಹೆರಿಗೆ, ಸಾವು, ಮದುವೆಗಳು ಹೀಗೇ ನಡೆದಿವೆ. ಒಂದು ಮೆಷಿನ್ನೂ ಇದರಿಂದ ನಿಂತಿಲ್ಲ.

ತಮ್ಮ ದುರದೃಷ್ಟ, ಅದೇ ಬೆಳಿಗ್ಗೆ ಮುಖ್ಯ ಕಚೇರಿಯ ಅತಿಥಿಗಳು ಬಂದರು. ಪುಟ್ಟಲಕ್ಷ್ಮಿಯ ಜಾಗದಲ್ಲಿ ಸಾಕಮ್ಮನ ಹಾಜರಿ ಕಾರ್ಡು ಕಂಡ ತಾವು, ಇದೇನು ಸಂತೆಯೇ ಎಂದು ಅವರೆದುರೇ ಕೂಗಾಡಿದಿರಿ. ಸಾಕಮ್ಮ ಮೆಷಿನ್ ಬಿಟ್ಟು ಹಿಂದೆ ಸರಿದಳು. ರುದ್ರಮ್ಮ ನಡುವೆ ಬಂದು ನಿಂತರು.

"ನಾನೇ ಓಗು ಅಂದೆ ಸಾ. ಬರ್ಕಳಂಗಿದ್ರೆ ನನ್ನೆಸ್ರು ಬರ್ಕಳಿ."

ತಾವು ಬರೆದುಕೊಂಡಿರಿ.

ರುದ್ರಮ್ಮ ಸಾಧ್ವೀಮಣಿಯೆಂದು ನಾನು ವಾದಿಸುವುದಿಲ್ಲ. ಬಾಯಿ ಬಲು ಜೋರು. ಸೀಲು ಸರಿಯಾಗಿ ಕೂರದ ಪ್ಯಾಕೆಟ್ಟನ್ನು ನಮ್ಮ ಮುಖಕ್ಕೇ ಹಿಡಿದು ಬೈದಿದ್ದಾರೆ, ನಾನೂ ಬೈಸಿಕೊಂಡು ಅತ್ತಿದ್ದೇನೆ. ಆದರೆ ಮೇಲಿನವರು ಬಂದಾಗ ನಮ್ಮ ಹಿಂದೆ ಅಡಗಿಕೊಂಡದ್ದನ್ನು ಒಮ್ಮೆಯೂ ಕಂಡಿಲ್ಲ. ತಮ್ಮ ತರಬೇತುದಾರರು ಬಣ್ಣದ ಹಾಳೆ ತೋರಿಸಿ ಹೇಳಿದ್ದು ಇದನ್ನೇ ಅಲ್ಲವೇ? ತಪ್ಪಾದಾಗ ನಾಯಕ ಮುಂದೆ ನಿಲ್ಲಬೇಕು, ಹೊಗಳಿಕೆ ಬಂದಾಗ ಹಿಂದೆ ಸರಿಯಬೇಕು ಎಂದು? ಪಾಠ ಕಲಿತವರನ್ನು ಗೋದಾಮಿಗೆ ಹಾಕಿ, ಪಾಠಕ್ಕೆ ಕಟ್ಟು ಹಾಕಿಸಿದಿರಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ತಮ್ಮದೂ ಒಂದು ಪ್ರಶ್ನೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ಬದಲಿಗೆ ಬಂದವಳ ಕೈ ಮೆಷಿನ್ನಿಗೆ ಸಿಕ್ಕಿದ್ದರೆ ಯಾರು ಹೊಣೆ ಎಂದು ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಹಾಗಾದರೆ ಅದಲುಬದಲನ್ನು ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಬರೆದುಕೊಳ್ಳಿ, ಬೇಡವೆಂದವರು ಯಾರು? ರುದ್ರಮ್ಮ ಪ್ರತಿ ಸಲವೂ ಅಲ್ಲಿ ಹೇಳಿಯೇ ಕಳಿಸುತ್ತಿದ್ದರು. ಅಲ್ಲಿನವರು ಸರಿ ಎಂದು ತಲೆಯಾಡಿಸುತ್ತಿದ್ದರು. ಅತಿಥಿಗಳು ಬಂದ ದಿನ ಆ ತಲೆಗಳೆಲ್ಲ ಎಲ್ಲಿ ಹೋದವೋ ಕಾಣೆ. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಹೆಗಲು ಕೊಡುವುದನ್ನು ತಾವು ಕಲಿಸಬೇಕಾಗಿರಲಿಲ್ಲ. ಕೆಡಿಸದಿದ್ದರೆ ಸಾಕಾಗಿತ್ತು.

ನಮ್ಮ ಬೇಡಿಕೆ ಇಷ್ಟು. ಸೋಮವಾರ ಬೆಳಿಗ್ಗೆ ರುದ್ರಮ್ಮ ಪ್ಯಾಕಿಂಗ್ ವಿಭಾಗದಲ್ಲಿ ನಿಂತಿರಬೇಕು. ಕ್ಷಮಾಪಣೆ ಇಲ್ಲ. ಮುಯ್ಯಿಗೆ ಟೈಮ್ ಆಫೀಸಿನಲ್ಲಿ ಜಾಗ ಕೊಡಬೇಕು. ಇಲ್ಲವಾದರೆ ರಿಸೆಪ್ಷನ್ನಿನ ಆ ಫೋಟೋವನ್ನು ಇಳಿಸಿ. ಅದರಲ್ಲಿರುವ ಕೈಗಳು ನಮ್ಮವು, ಅವನ್ನು ತೋರಿಸಿ ಹೆಸರು ಮಾಡಲು ತಮಗೆ ಹಕ್ಕಿಲ್ಲ. ಮುಂದಿನ ತರಬೇತಿಯಲ್ಲಿ ಕಣ್ಣು ಮುಚ್ಚುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿ ನೋಡಿಕೊಳ್ಳಿ.

ಪ್ಯಾಕಿಂಗ್‌ನವಳಿಗೆ ಇಷ್ಟೆಲ್ಲ ಬರೆಯಲು ಯಾರು ಕಲಿಸಿದರು ಎಂದು ತಾವು ವಿಚಾರಣೆ ನಡೆಸುವ ಮೊದಲೇ ಹೇಳಿಬಿಡುತ್ತೇನೆ. ನಾನು ಅಂಚೆ ಮೂಲಕ ಬಿ.ಎ. ಕಟ್ಟಿದ್ದೆ. ಪರೀಕ್ಷೆಗೆ ರಜೆ ಸಿಗಲಿಲ್ಲ. ನಾನು ಮೈಸೂರಿನಲ್ಲಿ ಕೂತು ಉತ್ತರ ಬರೆಯುತ್ತಿದ್ದಾಗ ಇಲ್ಲಿ ನನ್ನ ಜಾಗದಲ್ಲಿ ಸರದಿಯಂತೆ ಬೇರೆಯವರು ನಿಂತಿದ್ದರು. ನಿಲ್ಲಿಸಿದವರು ರುದ್ರಮ್ಮ. ಉಳಿದವರಿಗೆಲ್ಲ ಮುಯ್ಯಿ ತೀರಿಸಿದ್ದೇನೆ. ಅವರೊಬ್ಬರದು ಬಾಕಿಯಿತ್ತು.

ಇಂತಿ,
ಇಂದು ಅದನ್ನು ತೀರಿಸಿದ,
ಸೋಮವಾರದಿಂದ ಬಹುಶಃ ಗೋಣಿಚೀಲ ಮಡಿಸಲಿರುವ,
ತಗಡೂರಿನ ಇಂದ್ರಾಣಿ, ಬಿ.ಎ.