ಸಂಕೀರ್ಣ ಸಂಖ್ಯೆ ಬಿಟ್ಟು ಒಂದು ದಿನದ ಉಪವಾಸ

ತದಡಿ ಅಳಿವೆ
ಫೆಬ್ರವರಿ ೩೦, ೨೩೮೧

ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿರುವ ಹಿರಿಯರಿಗೆ,

ಫೆಬ್ರವರಿಗೆ ಮೂವತ್ತನೆಯ ದಿನ ನಮ್ಮ ಕಾಲದಲ್ಲಿ ಬಂದಿದೆ. ತಾರೀಖು ನೋಡಿ ಕಾಗದ ಎಸೆಯಬೇಡಿ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಾನು ತುಳಸಿ ಹರಿಕಂತ್ರ. ಬೆಂಚಿನ ಮೇಲೆ ಕೂರಲಾಗದೆ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು, ಈಗ ಅಲೆಗಿರಣಿಗೆ ಕೋಡ್ ಬರೆಯುತ್ತೇನೆ. ಅಲೆಗಿರಣಿ ಎಂದರೆ ಕಡಲ ಮೇಲೆ ತೇಲುತ್ತ ಕರೆಂಟು ಮಾಡುವ ಯಂತ್ರಗಳ ಸಾಲು. ಪ್ರತಿ ಯಂತ್ರದ ಕರೆಂಟಿಗೂ ಒಂದು ಬಲವಿದೆ, ಏರಿಳಿಯುವ ಒಂದು ತಾಳವಿದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಸಂಕೀರ್ಣ ಸಂಖ್ಯೆ. ನಮ್ಮ ಭಾಷೆಯಲ್ಲಿ ಅದು ಪೂರ್ಣಾಂಕದ ಹಾಗೆ ಹುಟ್ಟಿನಿಂದಲೇ ಇದೆ.

ಅದನ್ನು ತೆಗೆಯೋಣವೆಂದು ಈ ವರ್ಷ ಭಾಷಾಸಭೆಯಲ್ಲಿ ಕೇಳಿದವರು ನಮ್ಮ ಗಿರಣಿಯ ಸುಭದ್ರಕ್ಕನೇ. "ಊರಲ್ಲಿ ಇದನ್ನ ಬಳಸೋರು ನಾವೇ ನಾಕು ಜನ. ಅದಕ್ಕೆ ಎಲ್ಲರ ಬಾಗಿಲಲ್ಲೂ ಆನೆ ಕಟ್ಟೂದಾ?" ಎಂದರು. ಮಾತು ಸುಳ್ಳಲ್ಲ. ಎರಡು ಸಂಕೀರ್ಣ ಸಂಖ್ಯೆಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಭಾಷೆಯ ಬಳಿ ಉತ್ತರವಿಲ್ಲ, ಕಲಿಯುವವರು ಅಲ್ಲಿ ಎಡವುತ್ತಾರೆ. ಅದನ್ನು ಸಭೆಯಲ್ಲಿ ನಾನೇ ಹೇಳಿದೆ. ಆದರೂ ಉಳಿಯಲಿ ಎಂದೆ.

ನಮ್ಮಲ್ಲಿ ಒಂದು ಕಟ್ಟಳೆ ಇದೆ. ಭಾಷೆಯಿಂದ ಏನನ್ನಾದರೂ ತೆಗೆಯಬೇಕೆನ್ನುವವರು ಮೊದಲು ಒಂದು ದಿನ ಅದಿಲ್ಲದೆ ದುಡಿದು ತೋರಿಸಬೇಕು. ಇದಕ್ಕೆ ಉಪವಾಸದ ಪಾಳಿ ಎನ್ನುತ್ತೇವೆ. ಬೆಳಗಿನ ಪಾಳಿ ಅಕ್ಕನದು, ಸಂಜೆಯದು ಅವರ ಮಾತಿಗೆ ಕೈಜೋಡಿಸಿದ ಮೈದುನ ಪುರಸುವಿನದು. ಅಕ್ಕ ಬಲಕ್ಕೊಂದು ತಾಳಕ್ಕೊಂದು ಅಂಕೆ ಇಟ್ಟು ತಮ್ಮದೇ ಜೋಡಿ ಕಟ್ಟಿಕೊಂಡರು, ಒಂದು ತಪ್ಪೂ ಮಾಡಲಿಲ್ಲ. ಪುರಸುವೂ ತನ್ನ ಜೋಡಿ ಕಟ್ಟಿದ್ದ. ನಕ್ಷೆಯ ಮೇಲೆ ಚುಕ್ಕಿ ಇಟ್ಟಂತೆ, ಅಡ್ಡಕ್ಕೆಷ್ಟು ಉದ್ದಕ್ಕೆಷ್ಟು ಎಂದು. ಅದೂ ಸರಿಯೇ. ಪಾಳಿ ಬದಲಾದಾಗ ಅಕ್ಕನ ಅಂಕೆಗಳನ್ನು ಅವನ ಕೋಡ್ ತನ್ನವೆಂದೇ ಓದಿಕೊಂಡಿತು. ಭಾಷೆಗೆ ಅವು ಬರೀ ಎರಡು ಅಂಕೆ; ಅದು ತಡೆಯಲಿಲ್ಲ. ಭಾಷೆಯದೇ ಸಂಕೀರ್ಣ ಸಂಖ್ಯೆಯಾಗಿದ್ದರೆ ಇಬ್ಬರ ಕೋಡೂ ಅದನ್ನು ಒಂದೇ ಬಗೆಯಲ್ಲಿ ಓದುತ್ತಿತ್ತು. ತಾಳ ತಪ್ಪಿ ಗಿರಣಿ ಊರಿನ ಕರೆಂಟು ತಂತಿಯಿಂದ ಕಳಚಿಕೊಂಡಿತು, ಊರಿನ ದೀಪ ಆರಿತು.

"ಎಂತ ಇಟ್ಟಿದ್ರಿ ಅತ್ಗೆ ಇದ್ರಲ್ಲಿ?"

"ಸರಿಯಾಗೇ ಇಟ್ಟಿದ್ದೆ ಮಾರಾಯ."

"ನಂದೂ ಸರೀನೇ ಉಂಟು."

"ಹಂಗಾರೆ ಈ ಕತ್ತಲೆ ಯಾರದ್ದು?"

ಮರುದಿನ ಸಭೆಯಲ್ಲಿ ಅಕ್ಕ ತಾವೇ ಎದ್ದು ತಮ್ಮ ಕೋರಿಕೆಯನ್ನು ಹಿಂದಕ್ಕೆ ಪಡೆದರು. ಗೆದ್ದದ್ದಕ್ಕಿಂತ, ಅವರು ಹಾಗೆ ಎದ್ದು ನಿಂತದ್ದರ ಹೆಮ್ಮೆ ನನಗೆ ಹೆಚ್ಚು. ನಾವು ಇಂಥ ಊರಿನವರು.

ಹಿರಿಯರೇ, ನಿಮ್ಮಲ್ಲೂ ಇದೇ ಪ್ರಶ್ನೆ ಬಂದಾಗ ಬಳಸುವವರ ತಲೆ ಎಣಿಸಬೇಡಿ. ಒಬ್ಬರು ಬರೆದ ಸಂಖ್ಯೆಯನ್ನು ಗುರುತಿಲ್ಲದ ಇನ್ನೊಬ್ಬರ ಕೈಗೆ ಕೊಟ್ಟು ನೋಡಿ, ಆಮೇಲೆ ತೀರ್ಮಾನಿಸಿ.

ನಿಮ್ಮ ಭಾಷೆಯನ್ನು ಇನ್ನೂ ದುಡಿಸುತ್ತಿರುವ,
ತುಳಸಿ